ಒಬ್ಬಳೇ ಆಡುವವಳು

"ನಾ ಒಬ್ಬಾಕೇ ಆಡೂದಿಲ್ಲರಿ ಅಕ್ಕಾರ, ಮನಿಮಂದಿ ಎಲ್ಲಾರೂ ಆಡ್ತೀವಿ" ಎಂದು ಗದಿಗೆಮ್ಮ ಹೇಳಿದಾಗ ಉಮಾಶ್ರೀಯ ಕೈಯಲ್ಲಿದ್ದ ಚಹಾದ ಕಪ್ಪು ಅಲುಗಲಿಲ್ಲ, ಮುಖವೂ ಬದಲಾಗಲಿಲ್ಲ; ಎದೆ ಮಾತ್ರ ಧಸಕ್ಕೆಂದಿತು. ಗದಿಗೆಮ್ಮ ಅದನ್ನೇನೂ ಗುಟ್ಟೆಂದು ಹೇಳಿರಲಿಲ್ಲ. ಊಟ ಆಯಿತೇ ಎಂದರೆ ಆಯಿತು ಎನ್ನುವಷ್ಟು ಸಲೀಸಾಗಿ ಹೇಳಿ, ಚಹಾವನ್ನು ಊದಿ ಊದಿ ಕುಡಿಯುತ್ತ, ಗಾಜಿನ ಗೋಡೆಯ ಕೆಳಗೆ ಓಡುತ್ತಿದ್ದ, ತೆಲುಗು ಸೀಮೆಯ ಮಾದಾಪುರದ ಕಾರುಗಳನ್ನು ನೋಡುತ್ತಿದ್ದಳು. "ನಸುಕಿನ್ಯಾಗ ನಮ್ಮತ್ತಿ ಆಡ್ತಾಳ, ಆಕಿಗೆ ನಿದ್ದಿ ಬರೂದಿಲ್ಲ. ಮಧ್ಯಾಹ್ನ ಬುತ್ತಿ ಉಂಡ ಮ್ಯಾಲೆ ನಮ್ಮ ಮೈದುನ ತಾಯಪ್ಪ. ಅಂವಂದು ಬರೇ ಕಡಿಯೂದು, ಕಾಯಿ ಕಂಡ್ರ ಬಿಡೂದೇ ಇಲ್ಲ. ಸಂಜಿಗೆ ನಾನು, ನಮ್ಮ ಮನಿಯವ್ರು. ಬಾಜೂ ಶೆಡ್ಡಿನ ಹನುಮಂತಣ್ಣ ಬಂದ್ರ ಅಂವಗೂ ಒಂದು ಕೈ. ಇರೂದು ಒಂದ ಫೋನು, ಏನ್ ಮಾಡೂದು ಹೇಳ್ರಿ." ಹೀಗೆಂದು ನಕ್ಕಳು. ಉಮಾಶ್ರೀಯೂ ನಕ್ಕಳು. ನಗದೆ ಇದ್ದರೆ ಏನಾದರೂ ಗೊತ್ತಾಗಿಬಿಡುತ್ತದೆ ಎಂಬ ಭಯಕ್ಕೆ ನಕ್ಕಳು.

ಪಕ್ಕದ ಗಾಜಿನ ಕೋಣೆಯಲ್ಲಿ ಎಲ್ಲ ತಯಾರಾಗಿತ್ತು. ಕಂಪನಿಯ ಆಟದ ಹೆಸರು 'ಗವ್ವ'. ತೆಲುಗಿನಲ್ಲಿ ಗವ್ವ ಅಂದರೆ ಕವಡೆ. ನಮ್ಮ ಚೌಕಾಬಾರವನ್ನೇ ಫೋನಿಗೆ ಇಳಿಸಿದ ಆಟ. ಲಕ್ಷಾಂತರ ಜನ ಅದನ್ನು ಯಾವಾಗ ತೆರೆಯುತ್ತಾರೆ, ಯಾವ ಘಳಿಗೆಯಲ್ಲಿ ಬೇಸತ್ತು ಮುಚ್ಚುತ್ತಾರೆ, ಮತ್ತೆ ಯಾಕೆ ಬರುತ್ತಾರೆ ಎಂಬುದನ್ನು ಅಂಕಿಅಂಶಗಳಿಂದ ಹಿಂಡಿ ತೆಗೆಯುವುದು ಉಮಾಶ್ರೀಯ ಕೆಲಸ. ಎಲ್ಲರಿಗಿಂತ ಹೆಚ್ಚು ಆಡುವವರನ್ನು ಆರಿಸಿ ನೋಡಿದಾಗ ಅವಳಿಗೊಂದು ವಿಚಿತ್ರ ಕಂಡಿತ್ತು. ಇವರು ನಸುಕಿನಿಂದ ಮಲಗುವವರೆಗೆ ಆಡುತ್ತಾರೆ, ಆದರೆ ಆಟದೊಳಗೆ ಒಬ್ಬ ಗೆಳೆಯನನ್ನೂ ಸೇರಿಸಿಕೊಳ್ಳುವುದಿಲ್ಲ, ಯಾರು ಕರೆದರೂ ಹೋಗುವುದಿಲ್ಲ. ಅಂದ ಮೇಲೆ ಇವರು ಒಂಟಿಗಳು. ಆಟವನ್ನು ಬಿಡದೆ ಹಿಡಿದುಕೊಳ್ಳುವುದು ಒಂಟಿತನವೇ. ಈ ಮಾತು ಹೊಳೆದ ದಿನ ಅವಳಿಗೆ ಊಟ ಸೇರಿರಲಿಲ್ಲ, ಅಷ್ಟು ಸಂತೋಷವಾಗಿತ್ತು. ತಂಡದ ಮುಖ್ಯಸ್ಥ ಕೌಶಲ್ ಅದಕ್ಕೆ 'ಲೋನ್ಲಿ ಲಾಯಲ್ಸ್', ಬಿಟ್ಟುಹೋಗದ ಒಂಟಿಗಳು, ಎಂದು ಹೆಸರಿಟ್ಟು ಇಡೀ ಮುಂದಿನ ಯೋಜನೆಯನ್ನೇ ಅದರ ಮೇಲೆ ಕಟ್ಟಿದ: ಜೊತೆಯಾಗಿ ಆಡುವ ಅಂಗಳವನ್ನು ಆಟದಿಂದ ಕಿತ್ತುಹಾಕುವುದು, ಒಂಟಿಗಳಿಗೆ ಮಾತಾಡುವ ಕಂಪ್ಯೂಟರ್ ಗೆಳೆಯರನ್ನು ಕೊಡುವುದು. ಆ ಕೆಲಸದ ಯಜಮಾನಿಕೆ ಉಮಾಶ್ರೀಗೆ. ಇವತ್ತು ಕಂಪನಿಯ ಹೊಸ ಪಾಲುದಾರರಿಬ್ಬರು ವಿಜಯವಾಡದಿಂದ ಬಂದು ಕೂತಿದ್ದರು. ಅವರು ಹೂಂ ಎಂದರೆ ಆಯಿತು. ಅವರೆದುರು ಬರೀ ನಕ್ಷೆ ತೋರಿಸಿದರೆ ಸಾಲದು, ಜೀವಂತ ಮನುಷ್ಯ ಬೇಕು ಎಂದು ಕೌಶಲನೇ ಪಟ್ಟಿಯ ಮೊದಲ ಹೆಸರನ್ನು ಕರೆಸಿದ್ದ. ಆ ಹೆಸರೇ ಲಿಂಗಂಪಲ್ಲಿಯ ಕಡೆ ಅಪಾರ್ಟ್‌ಮೆಂಟು ಕಟ್ಟುವಲ್ಲಿ ಇಟ್ಟಿಗೆ ಹೊರುವ, ಮಾನ್ವಿ ಕಡೆಯ ಗದಿಗೆಮ್ಮ.

ಒಂದೇ ಫೋನು. ಗೆಳೆಯರನ್ನು ಆಟದೊಳಗೆ ಯಾಕೆ ಸೇರಿಸಬೇಕು, ಗೆಳೆಯರೆಲ್ಲ ಅದೇ ಫೋನಿನ ಸುತ್ತ ಕೂತಿರುವಾಗ? ಇದು ಹೊಳೆಯದೆ ಹೋಯಿತಲ್ಲ ಎಂದು ಉಮಾಶ್ರೀಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅವಳು ನೋಡಿರಲಿಲ್ಲ ಎಂದಲ್ಲ, ನೋಡಿದ್ದಳು. ಬೆಳಗಿನ ಗದಿಗೆಮ್ಮ ಅಂಜುಬುರುಕಿ, ಮನೆ ಬಿಟ್ಟು ಕಾಯಿ ಹೊರಗೆ ಹಾಕಲಿಕ್ಕೇ ಹಿಂದೆಮುಂದೆ ನೋಡುತ್ತಿದ್ದಳು. ಮಧ್ಯಾಹ್ನದ ಗದಿಗೆಮ್ಮ ಕ್ರೂರಿ, ತನ್ನ ಕಾಯಿ ಹಣ್ಣಾಗುವುದನ್ನೂ ಬಿಟ್ಟು ಎದುರಿನವರ ಕಾಯಿ ಕಡಿಯಲು ಓಡುತ್ತಿದ್ದಳು. ಸಂಜೆಯವಳು ಬೇರೆಯೇ. ಇದನ್ನೆಲ್ಲ ಉಮಾಶ್ರೀ ಏರಿಳಿಯುವ ಗೆರೆಯಾಗಿ ಎಳೆದು, ಮೇಲೆ 'ಒಂಟಿ ಮನಸ್ಸಿನ ಹೊಯ್ದಾಟ' ಎಂದು ಬರೆದಿದ್ದಳು. ಬರೆಯುವಾಗ ಕಣ್ಣು ಮಂಜಾಗಿತ್ತು ಕೂಡ. ಯಾರೋ ಗೊತ್ತಿಲ್ಲದ ಹೆಂಗಸಿನ ದುಃಖಕ್ಕೆ ತಾನು ಕರಗಿದೆನಲ್ಲ ಎಂದು ತನ್ನ ಮೇಲೇ ಮೆಚ್ಚುಗೆಯಾಗಿತ್ತು. ಆ ಮೆಚ್ಚುಗೆ ನೆನಪಾಗಿ ಈಗ ಮೈಮೇಲೆ ಹಲ್ಲಿ ಬಿದ್ದಂತಾಯಿತು. ಅತ್ತೆಯ ನಿದ್ದೆಗೇಡು, ಮೈದುನನ ಪುಂಡಾಟ, ಗಂಡಹೆಂಡಿರ ಸಂಜೆ, ಇಷ್ಟನ್ನೂ ಸೇರಿಸಿ ತಾನು ಒಬ್ಬ ಅನಾಥೆಯನ್ನು ಮಾಡಿದ್ದಳು.

"ಕೌಶಲ್, ಒಂದು ವಿಷಯ ಇತ್ತು" ಎಂದು ಬಾಗಿಲಲ್ಲಿ ನಿಂತು ಕರೆದಳು. ಕೌಶಲ್ ತಿರುಗದೆಯೇ "ಆಮೇಲೆ ಉಮಾ, ಎಲ್ಲ ಆಮೇಲೆ" ಎಂದ. ಹೇಳುವವಳಿದ್ದೆ, ಅವನೇ ಕೇಳಲಿಲ್ಲ ಎಂಬ ಸಮಾಧಾನ ಎಷ್ಟು ಬೇಗ ಒಳಗೆ ಬಂದು ಕಾಲುಚಾಚಿ ಕೂತಿತೆಂದರೆ ಅವಳಿಗೇ ನಾಚಿಕೆಯಾಯಿತು. ಗದಿಗೆಮ್ಮನ ಮಾತನ್ನು ತೆಲುಗಿಗೆ ತರುವ ಈ ದುಭಾಷಿಯ ಕೆಲಸವೂ ಬೇಡದೆಯೇ ಕೊರಳಿಗೆ ಬಿದ್ದದ್ದು. ಫ್ಯಾಕ್ಟರಿಯಿಂದ ನಿವೃತ್ತರಾದ ಅಪ್ಪ ಗುರುಸಿದ್ದಪ್ಪನವರ ಜೊತೆ ಅವಳು ಮೆಟ್ಟಿಲ ಮೂಲೆಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಾಗ ಹರ್ಷಿತಾ ಕೇಳಿಸಿಕೊಂಡಿದ್ದಳು. ಆಟಗಾರರ ಖಾತೆಗಳನ್ನು ನೋಡಿಕೊಳ್ಳುವ, ನಿಯಮ ಮೀರಿದವರ ಖಾತೆಯನ್ನು ಸೊಳ್ಳೆ ಹೊಡೆದಷ್ಟು ಹಗುರವಾಗಿ ಮುಚ್ಚುವ ಹುಡುಗಿ ಅವಳು. "ಅರೆ, ನುವ್ವು ಕನ್ನಡಮಾ? ಎಪ್ಪುಡೂ ಚೆಪ್ಪಲೇದೇ!" ಎಂದಿದ್ದಳು. ಯಾವತ್ತೂ ಹೇಳಿರಲಿಲ್ಲ, ನಿಜ. ಇಲ್ಲಿನ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದ ಉಮಾಶ್ರೀಯ ತೆಲುಗಿನಲ್ಲಿ ಒಂದು ಕಲ್ಲೂ ಸಿಗುವುದಿಲ್ಲ. ಚಿಕ್ಕವಳಿದ್ದಾಗ ಒಮ್ಮೆ, ಶಾಲೆಯ ಬಸ್ಸು ನಿಲ್ಲುವಲ್ಲಿ ಪೈಪಿಗಾಗಿ ನೆಲ ಅಗೆಯುತ್ತಿದ್ದ ಹೆಂಗಸರನ್ನು ಕಂಡು ಅಮ್ಮ ಕಮಲಾಕ್ಷಿ "ಯಾವೂರವ್ವಾ ನಿಮ್ದು" ಎಂದು ಕೂಗಿ ಮಾತಾಡಿಸಿ, ಉಮಾಶ್ರೀಯ ನೀರಿನ ಬಾಟಲಿಯನ್ನೇ ತೆಗೆದು ಅವರಿಗೆ ಕುಡಿಯಲು ಕೊಟ್ಟು ವಾಪಸು ಪಡೆದಿದ್ದಳು. ಬಸ್ಸಿನಲ್ಲಿ ಪಕ್ಕದ ಹುಡುಗಿ, ಅವರು ನಿಮ್ಮ ನೆಂಟರಾ ಎಂದು ಕೇಳಿದಳು. ಆ ದಿನ ಅವಳು ಬಾಯಾರಿದರೂ ಆ ಬಾಟಲಿಯ ನೀರು ಮುಟ್ಟಲಿಲ್ಲ. ಆಮೇಲೆ ಮನೆಯ ಹೊಸ್ತಿಲಾಚೆ ಕನ್ನಡವನ್ನು ಒಯ್ಯಲೂ ಇಲ್ಲ.

ಗದಿಗೆಮ್ಮನನ್ನು ಮೆತ್ತನೆಯ ದೊಡ್ಡ ಚೀಲದಂಥ ಆಸನದಲ್ಲಿ ಕೂರಿಸಿದರು. ಕೂತೊಡನೆ ಅವಳು ಒಳಗೆ ಹೂತುಹೋಗಿ ಕಾಲು ಮೇಲೆ ಬಂದವು. ಗಾಬರಿಯಿಂದ ಸೀರೆ ಎಳೆದುಕೊಂಡಳು. ಹರ್ಷಿತಾ ತೆಲುಗಿನಲ್ಲಿ, ಇದರಲ್ಲಿ ಕೂತರೆ ಮದುವೆಯಾದ ಹಾಗೆ, ಏಳುವುದು ಕಷ್ಟ ಎಂದಳು. ಎಲ್ಲರೂ ನಕ್ಕರು. ಗದಿಗೆಮ್ಮನೂ ನಕ್ಕಳು. ಆ ಮಾತನ್ನು ಉಮಾಶ್ರೀ ಇನ್ನೂ ಕನ್ನಡದಲ್ಲಿ ಹೇಳಿರಲಿಲ್ಲ. ಎಲ್ಲರೂ ನಕ್ಕರೆಂದು ನಕ್ಕಿರಬೇಕು ಎಂದುಕೊಂಡು ಅವಳು ಮೈಕು ಹಿಡಿದಳು. ತೆಲುಗು ಆಟಗಾರರಿಗೆ ತೋರಿಸಲಿಕ್ಕೆಂದು ಎದುರಿಗೆ ಕ್ಯಾಮರಾ ಇಟ್ಟಿದ್ದರು. ಪ್ರಶ್ನೆ ತೆಲುಗಿನಲ್ಲಿ ಬಂತು: ಇಷ್ಟು ಹೊತ್ತು ಯಾಕೆ ಆಡುತ್ತೀಯಮ್ಮಾ? ಉಮಾಶ್ರೀ ಕನ್ನಡದಲ್ಲಿ ಕೇಳಿದಳು. ಗದಿಗೆಮ್ಮ ಉತ್ಸಾಹದಿಂದ ಶುರುಮಾಡಿದಳು. "ಕೆಲಸ ಬಿಟ್ಟು ಬಂದು ಎಲ್ಲಾರೂ ಸುತ್ತ ಕುಂದ್ರತೀವ್ರಿ. ಆಡಾವ್ರು ಒಬ್ರಾದ್ರ ಹೇಳಾವ್ರು ನಾಕ ಮಂದಿ. ನಕ್ಕ ನಕ್ಕ ಮೈಕೈ ನೋವು ಮರ್ತು ಹೋಕ್ಕೈತಿ." ಕೋಣೆ ಉಮಾಶ್ರೀಯ ಕಡೆ ತಿರುಗಿತು. ಬಿಸಿತುಪ್ಪ ಬಾಯಿಗೆ ಬಿದ್ದಂತೆ, ನುಂಗಲೂ ಆಗದು, ಉಗುಳಲೂ ಆಗದು. ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ತೆರೆದ ಬಾಯಿಂದ ಶುದ್ಧವಾದ ತೆಲುಗು ಬಂತು. ಕೆಲಸ ಬಿಟ್ಟು ಬಂದ ಮೇಲೆ ಮಾತಾಡಲು ಯಾರೂ ಇರುವುದಿಲ್ಲವಂತೆ. ಈ ಆಟವೇ ಜೊತೆಯಂತೆ. ಆಡುತ್ತ ಆಡುತ್ತ ನೋವು ಮರೆತುಹೋಗುತ್ತದಂತೆ.

ಕೊನೆಯ ಮಾತಾದರೂ ನಿಜವಿತ್ತಲ್ಲ ಎಂದು ಉಮಾಶ್ರೀ ಅದನ್ನೇ ಹಿಡಿದುಕೊಂಡಳು. ಪಾಲುದಾರರಲ್ಲಿ ಒಬ್ಬಾಕೆ, ನರೆಗೂದಲಿನ ಹೆಂಗಸು, ಕನ್ನಡಕ ತೆಗೆದು ಒರೆಸಿಕೊಂಡಳು. ಕೌಶಲ್ ಗೋಡೆಗೊರಗಿ ಕಣ್ಣಲ್ಲೇ ಭೇಷ್ ಎಂದ. ಆಗ ಉಮಾಶ್ರೀ ಗದಿಗೆಮ್ಮನ ಮುಖ ನೋಡಿದಳು. ಅಲ್ಲಿ ನಗುವಿರಲಿಲ್ಲ. ಅವಳು ಉಮಾಶ್ರೀಯ ತುಟಿಗಳನ್ನೇ ನೋಡುತ್ತಿದ್ದಳು, ಅರ್ಥವಾಗದವರು ನೋಡುವಂತೆ ಅಲ್ಲ. ಥೂ, ಇಷ್ಟು ವರ್ಷ ಈ ಊರಲ್ಲಿ ಇಟ್ಟಿಗೆ ಹೊತ್ತವಳಿಗೆ, ಮೇಸ್ತ್ರಿಯ ಬೈಗಳು ತಿಂದವಳಿಗೆ, ತರಕಾರಿಯವನ ಜೊತೆ ಚೌಕಾಶಿ ಮಾಡಿದವಳಿಗೆ ತೆಲುಗು ಬಾರದೆ ಇರುತ್ತದೆಯೇ? ಅವಳು ಉಮಾಶ್ರೀಯನ್ನು ಕಂಡ ಪ್ರೀತಿಗೆ ಕನ್ನಡದಲ್ಲಿ ಮಾತಾಡಿದ್ದಳು, ಅಷ್ಟೇ. ಕನ್ನಡ ಮಾತಾಡುವ ಶೆಡ್ಡಿನ ಹೆಂಗಸೆಂದರೆ ಬೇರೆ ಭಾಷೆ ಅರಿಯದ ಪೆದ್ದಿ ಎಂದು ತೀರ್ಮಾನಿಸಿದ್ದು ಕೌಶಲ್ ಅಲ್ಲ, ಹರ್ಷಿತಾ ಅಲ್ಲ, ತಾನು. ಇಲ್ಲಿಗೆ ನಿಲ್ಲಿಸಬಹುದು ಎಂದು ಉಮಾಶ್ರೀಗೆ ಗೊತ್ತಿತ್ತು.

ನರೆಗೂದಲಿನಾಕೆ ಮೆಲ್ಲಗೆ ಕೇಳಿದಳು: ನಿನಗೆ ನಿನ್ನವರು ಅಂತ ಯಾರಿದ್ದಾರಮ್ಮಾ? ಉಮಾಶ್ರೀ ಅದನ್ನು ಕನ್ನಡಕ್ಕೆ ತಂದು ಹೇಳಿದಳು. ಗದಿಗೆಮ್ಮ, ಬೇಡದ ಊಟವನ್ನು ಬಡಿಸುವವರ ಮರ್ಯಾದೆಗೆ ತಿನ್ನುವವರಂತೆ, ಆ ಅನುವಾದ ಮುಗಿಯುವವರೆಗೂ ಕಾದಳು. ಆಮೇಲೆ ಉಮಾಶ್ರೀಯ ಕಣ್ಣಲ್ಲಿ ಕಣ್ಣಿಟ್ಟು ಒಂದೊಂದೇ ಶಬ್ದ ಬಿಡಿಸಿ ಹೇಳಿದಳು. "ಎಲ್ಲಾರೂ ಅದಾರ್ರಿ ಅಕ್ಕಾರ. ನನ್ನ ಕೂಡೇನೇ ಅದಾರ." ಉಮಾಶ್ರೀ ಮೈಕಿಗೆ ಹೇಳಿದಳು, ಯಾರೂ ಇಲ್ಲವಂತೆ. ತನ್ನ ದನಿ ಕೋಣೆಯ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ತನಗೇ ಕೇಳಿಸಿತು. ಇದಕ್ಕಿಂತ ಕೀಳಾದದ್ದನ್ನು ತಾನು ಯಾವತ್ತೂ ಮಾಡಿಲ್ಲ ಎನ್ನಿಸಿತು. ಅದೇ ಹೊತ್ತಿಗೆ, ಇನ್ನೆರಡು ಪ್ರಶ್ನೆ ದಾಟಿದರೆ ಮುಗಿಯಿತು ಎಂದೂ ಅನ್ನಿಸಿತು. ಎರಡೂ ಒಂದೇ ತಲೆಯಲ್ಲಿ ಒಂದನ್ನೊಂದು ತಳ್ಳದೆ ಕೂತಿದ್ದವು.

ಆಗ ಇನ್ನೊಬ್ಬ ಪಾಲುದಾರ, ಈವರೆಗೆ ಬಾಯಿಬಿಡದ ತೆಳ್ಳನೆಯ ಮನುಷ್ಯ, ನಕ್ಷೆಯಿಂದ ತಲೆ ಎತ್ತಿದ. ದಿನವಿಡೀ ಕೂಲಿ ಮಾಡುವವಳು ದಿನವಿಡೀ ಹೇಗೆ ಆಡುತ್ತಾಳೆ? ಇದೇ ಫೋನಿನಲ್ಲಿ ಬೇರೆಯವರೂ ಆಡುತ್ತಿರಬಹುದಲ್ಲ? ಕೌಶಲ್ ನಕ್ಕುಬಿಟ್ಟ. ಹಾಗೇನಾದರೂ ಇದ್ದರೆ ಸರ್, ಒಂದು ಖಾತೆಗೆ ಒಬ್ಬರೇ ಎಂಬ ನಿಯಮ ಇದೆ, ಹರ್ಷಿತಾ ಈಗಲೇ ಮುಚ್ಚಿಬಿಡುತ್ತಾಳೆ. ನಮ್ಮ ಉಮಾ ಪಟ್ಟ ಪಾಡೆಲ್ಲ ಕಸದ ಬುಟ್ಟಿಗೆ. ತಮಾಷೆಗೆ ಹೇಳಿದ. ಆದರೆ ಯಾರೂ ನಗಲಿಲ್ಲ, ಎಲ್ಲರೂ ಉಮಾಶ್ರೀಯನ್ನು ನೋಡಿದರು, ಕೇಳು ಎಂಬಂತೆ. ಅವಳು ಕೇಳಬೇಕಿತ್ತು. ಮೈಕನ್ನು ತುಟಿಯವರೆಗೆ ತಂದು ಹಾಗೇ ಹಿಡಿದು ನಿಂತಳು. ಇಷ್ಟು ಜನರ ನಡುವೆ ತಾನು ಅತ್ತುಬಿಡುತ್ತೇನೆ ಎಂದು ಹೆದರಿದಳು. ಗದಿಗೆಮ್ಮ ಕೈಯೂರಿ, ತಡವರಿಸಿ, ಆ ಚೀಲದಿಂದ ಎದ್ದಳು. ಉಮಾಶ್ರೀಯ ಕೈಯ ಮೇಲೆ ತನ್ನ ಒರಟು ಕೈಯಿಟ್ಟು ಮೈಕನ್ನು ತನ್ನ ಬಾಯಿಯ ಕಡೆ ತಿರುಗಿಸಿಕೊಂಡಳು. "ನೇನು ಒಕ್ಕದಾನ್ನೇ ಆಡತಾನು" ಎಂದಳು. ನಾನೊಬ್ಬಳೇ ಆಡುತ್ತೇನೆ. ಉಗುಳು ನುಂಗಿದಳು. "ನಾಕು ಎವರೂ ಲೇರು." ನನಗೆ ಯಾರೂ ಇಲ್ಲ.

ಚಪ್ಪಾಳೆ ಬಿತ್ತು. ತೆಲುಗು ಬರುತ್ತದಲ್ಲ, ಮತ್ತೆ ಉಮಾ ಯಾಕೆ ಬೇಕಿತ್ತು ಎಂದು ಹರ್ಷಿತಾ ಚುಡಾಯಿಸಿದಳು. ಗದಿಗೆಮ್ಮನ ಒಂದು ಕೈ ಸೆರಗಿನೊಳಗೆ ಹೋಗಿ ತಾಳಿಯನ್ನು ಹಿಡಿದುಕೊಂಡಿತ್ತು. ಫೋಟೋ ತೆಗೆಯುವಾಗ ಕೈ ಕೆಳಗಿಡಮ್ಮಾ ಎಂದರೂ ಅವಳು ಬಿಡಲಿಲ್ಲ.

ಕಂಪನಿಯ ಹೆಸರಿದ್ದ ಚೀಲವೊಂದನ್ನು ಕೊಟ್ಟು ಕಳಿಸಿದರು. ಬಿಟ್ಟುಬರಲು ಉಮಾಶ್ರೀಯೇ ಹೋದಳು. ಲಿಫ್ಟಿನಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗರಿಬ್ಬರಿದ್ದರು. "ಯಾಕ ಹಂಗಂದ್ರಿ ಅಕ್ಕಾ?" ಎಂದು ಉಮಾಶ್ರೀ ಪಿಸುಗುಟ್ಟಿದಳು. ಗದಿಗೆಮ್ಮ ಪಿಸುಗುಟ್ಟಲಿಲ್ಲ.

"ನಿಮ್ಮ ಮಾರಿ ನೋಡಿದೆ. ತುಟಿ ಒಣಗಿ ಹೋಗಿದ್ವು. ನಾಕು ಮಂದ್ಯಾಗ ಒಂದು ಹೆಣ್ಣಮಗಳ ಮಾನ ಹೋಗಬಾರದು ಅಂತ ಬಾಯಿಗೆ ಬಂದದ್ದು ಅಂದುಬಿಟ್ಟೆ." ಕೈ ಇನ್ನೂ ತಾಳಿಯ ಮೇಲೇ ಇತ್ತು. "ಮುತ್ತೈದಿ ಅದೀನ್ರಿ ನಾನು. ಮನಿಯವ್ರು ಈಗ ಹತ್ತನೇ ಅಂತಸ್ತಿನ್ಯಾಗ ನಿಂತು ಸೆಂಟ್ರಿಂಗ್ ಹಲಗಿ ಬಡಿಯಾಕತ್ತಾರ. ಹುಡುಗ್ರು ಅತ್ತಿ ಕೈಯಾಗ ಅದಾವ. ಅಂಥಾಕಿ ಯಾರೂ ಇಲ್ಲ ಅಂದೆ ನೋಡ್ರಿ, ಹಾಡಹಗಲಾಗ. ಫೋನ್ ಮಾಡಿ ಕೇಳೋಣಂದ್ರ ಫೋನು ನನ್ನ ಕೈಯಾಗ ಐತಿ."

"ಮೊದಲು ಅಂದಾವ್ರು ನೀವು" ಎಂದಳು ಗದಿಗೆಮ್ಮ. "ಬಿಡ್ತು ಅನ್ರಿ."

ಮನೆಯಲ್ಲಿ ಯಾರ ಬಾಯಿಂದಾದರೂ ಕೆಟ್ಟ ಮಾತು ಬಿದ್ದರೆ ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಬರುತ್ತಿದ್ದಳು, ಬಿಡ್ತು ಅನ್ನಿಸದೆ ಬಿಡುತ್ತಿರಲಿಲ್ಲ. ಆಡಿದ ಬಾಯೇ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಉಮಾಶ್ರೀ ಹುಡುಗರ ಕಡೆ ಒಮ್ಮೆ ನೋಡಿ, ಗದಿಗೆಮ್ಮನ ಕಿವಿಯ ಬಳಿ ಬಗ್ಗಿ, "ಬಿಡ್ತು" ಎಂದಳು.

ಗದಿಗೆಮ್ಮ ತಲೆ ಹಿಂದಕ್ಕೆ ತೆಗೆದಳು. "ಅಲ್ಲಿ ಮೈಕಿನ್ಯಾಗ ಅಂದ್ರಿ. ಇಲ್ಲಿ ಕಿವ್ಯಾಗ ಬಿಡ್ತು ಅಂತೀರಿ."

"ಅಲ್ಲಿ ಅಂದ್ರ ನಿಮ್ಮ ಆಟ ಮುಚ್ಚತಾರ ಅಕ್ಕಾ."

"ಮುಚ್ಚಲಿ. ನೆಲದ ಮ್ಯಾಲೆ ಮನಿ ಬರದು ಆಡ್ತೀವಿ, ಹುಣಸೀಬೀಜ ಒಡದು." ಬಾಗಿಲು ತೆರೆಯಿತು. ಇನ್ನೇನನ್ನೂ ಕೇಳದೆ, ಕಂಪನಿಯ ಚೀಲವನ್ನು ಕಂಕುಳಲ್ಲಿ ಅಮುಕಿಕೊಂಡು, ಅವಳು ಗೇಟಿನ ಕಡೆ ಹೆಚ್ಚುಕಡಿಮೆ ಓಡುತ್ತ ಹೋದಳು.

ಮೇಲೆ ಹೋಗುವಾಗ ಉಮಾಶ್ರೀ ತನಗೆ ತಾನೇ ಸರಿಯಾಗಿ ಬುದ್ಧಿ ಹೇಳಿಕೊಂಡಳು. ಬಾಯಿಂದ ಬಿದ್ದ ಮಾತಿಗೂ ಹತ್ತನೇ ಅಂತಸ್ತಿನಲ್ಲಿ ನಿಂತ ಮನುಷ್ಯನ ಕಾಲಿಗೂ ಏನು ಸಂಬಂಧ? ಎರಡು ಸಂಗತಿ ಜೊತೆಗೆ ನಡೆದರೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂದು ಹೊಸಬರಿಗೆ ಮೊದಲ ದಿನ ಪಾಠ ಹೇಳುವವಳು ತಾನೇ. ಅದೇ ಪಾಠ ತನ್ನ ನಕ್ಷೆ ಎಳೆಯುವಾಗ ಎಲ್ಲಿ ಹೋಗಿತ್ತು ಎಂದು ಒಳಗಿನಿಂದ ಯಾರೋ ಕೇಳಿದರು. ಸಂಜೆ ಕೌಶಲನನ್ನು ಒಬ್ಬನೇ ಇದ್ದಾಗ ಹಿಡಿದು ಮೆತ್ತಗೆ ಹೇಳಬಹುದು, ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು ಅನ್ನಬಹುದು. ಆಗ ಯಾರ ಮಾನವೂ ಹೋಗುವುದಿಲ್ಲ. ಹೀಗೆ ಲೆಕ್ಕ ಹಾಕುತ್ತಲೇ ಅವಳು ಮೊಗಸಾಲೆಯ ಗಾಜಿನ ಬಳಿ ನಿಂತುಬಿಟ್ಟಿದ್ದಳು. ರಸ್ತೆಯಾಚೆ ಏಳುತ್ತಿದ್ದ ಕಟ್ಟಡದ ತುದಿಯಲ್ಲಿ ಯಾರೋ ನಾಲ್ಕಾರು ಜನ, ಇರುವೆಗಳಷ್ಟು ಸಣ್ಣಗೆ. ಅವರಲ್ಲೊಬ್ಬ ಅಲುಗಾಡದೆ ಅಂಚಿನಲ್ಲಿ ಬಗ್ಗಿದ್ದ. ಅವನು ಗದಿಗೆಮ್ಮನ ಗಂಡನಲ್ಲ, ಲಿಂಗಂಪಲ್ಲಿ ಇಲ್ಲಿಂದ ಎಷ್ಟು ದೂರ. ಆದರೂ ಅವನು ಎದ್ದು ಒಳಕ್ಕೆ ಸರಿಯುವವರೆಗೆ ಉಮಾಶ್ರೀಗೆ ಕಾಲು ಕಿತ್ತಿಡಲು ಆಗಲಿಲ್ಲ.

ಕೋಣೆಯಲ್ಲಿ ದೊಡ್ಡ ಪರದೆಯ ತುಂಬ ಗದಿಗೆಮ್ಮನ ಮುಖವಿತ್ತು. ಆಗ ತೆಗೆದ ವಿಡಿಯೋವನ್ನು ಪಾಲುದಾರರಿಗೆ ತೋರಿಸುತ್ತಿದ್ದರು. ಜಾಹೀರಾತು ಆ ಒಂದು ಮಾತಿನಿಂದಲೇ ಶುರುವಾಗಲಿ, ಬೇರೇನೂ ಬೇಡ ಎಂದು ಕೌಶಲ್ ಹೇಳುತ್ತಿದ್ದ. ನಾಕು ಎವರೂ ಲೇರು, ಎಂದಳು ಪರದೆಯ ಮೇಲಿನ ಗದಿಗೆಮ್ಮ. ದನಿ ಸ್ವಲ್ಪ ಏರಿಸಿ ಹಾಕು ಎಂದ ಕೌಶಲ್. ನಾಕು ಎವರೂ ಲೇರು. ಉಗುಳು ನುಂಗುವುದು ಇರಲಿ, ಅದು ಚೆನ್ನಾಗಿದೆ, ಎಂದಳು ನರೆಗೂದಲಿನಾಕೆ. ಮತ್ತೆ ಹಾಕಿದರು. ನಾಕು ಎವರೂ ಲೇರು. ಒಂದು ಸಲ ಆಡಿದ್ದಕ್ಕೇ ಆ ಹೆಂಗಸು ರಸ್ತೆಯಲ್ಲಿ ಓಡುತ್ತಿದ್ದಳು. ಇಲ್ಲಿ ಇವರು ಅದನ್ನೇ ಅವಳ ಬಾಯಿಂದ ಮತ್ತೆ ಮತ್ತೆ ಆಡಿಸುತ್ತಿದ್ದರು, ನಾಳೆಯಿಂದ ಲಕ್ಷ ಫೋನುಗಳಲ್ಲಿ ಆಡಿಸುವವರಿದ್ದರು. ಮೇಜಿನ ಮೇಲಿದ್ದ ಮೈಕನ್ನು ಎತ್ತಿಕೊಂಡದ್ದು ಉಮಾಶ್ರೀಗೆ ಗೊತ್ತಾದದ್ದು ಎತ್ತಿಕೊಂಡ ಮೇಲೆಯೇ.

"ಬಿಡ್ತು" ಎಂದಳು.

ನಾಲ್ಕೂ ಮೂಲೆಯಿಂದ ಆ ಶಬ್ದ ಬಂತು. ಎಲ್ಲರೂ ತಿರುಗಿದರು. ಏನೆಂದು ತಿಳಿಯದೆ ಏಮಿಟಿ ಎಂದಳು ಹರ್ಷಿತಾ. ಉಮಾಶ್ರೀ ತೆಲುಗಿನಲ್ಲಿ ಶುರುಮಾಡಿದಳು. ನಾನು ಹೇಳಿದ್ದು ಸುಳ್ಳು. ಆಕೆ ಹೇಳಿದ್ದೇ ಬೇರೆ. ಬೆಳಗ್ಗೆ ಆಡುವವಳು ಅತ್ತೆ, ಮಧ್ಯಾಹ್ನ ಮೈದುನ, ನಾನು ಎಳೆದ ಆ ಹೊಯ್ದಾಟದ ಗೆರೆ ಒಂದು ಮನಸ್ಸಿನದಲ್ಲ, ಒಂದು ಮನೆಯದು. ಅವಳೊಬ್ಬಳೇ ಅಲ್ಲ, ಆ ಪಟ್ಟಿಯಲ್ಲಿ ಇನ್ನೆಷ್ಟು ಮನೆಗಳಿವೆಯೋ ನನಗೆ ಗೊತ್ತಿಲ್ಲ. ತೆಳ್ಳನೆಯ ಪಾಲುದಾರ ಪೆನ್ನಿನ ಮುಚ್ಚಳ ಹಾಕಿದ. ಉಮಾ, ಹೊರಗೆ ಬಾ, ಎಂದ ಕೌಶಲ್, ಸಣ್ಣ ದನಿಯಲ್ಲಿ, ಹುಚ್ಚಿಗೆ ಹೇಳುವಂತೆ. ಹರ್ಷಿತಾಳ ಬೆರಳುಗಳು ಆಗಲೇ ಕೀಲಿಮಣೆಯ ಮೇಲೆ ಓಡುತ್ತಿದ್ದವು. ಪರದೆಯ ಮೂಲೆಯಲ್ಲಿ ಗದಿಗೆಮ್ಮನ ಖಾತೆ ತೆರೆದುಕೊಂಡು, ಅವಳ ನಾಲ್ಕು ಕಾಯಿಗಳೂ ಬೂದುಬಣ್ಣಕ್ಕೆ ತಿರುಗಿದವು. ಗಂಡನ ಕಡೆ ಓಡುತ್ತಿದ್ದವಳ ಕೈಯ ಫೋನಿನಲ್ಲೂ ಈಗ ಹಾಗೇ ಆಗಿರಬೇಕು. ಕೌಶಲ್ ಕೈಚಾಚಿ ಮೈಕಿನ ಗುಂಡಿ ಒತ್ತಿದ. ದನಿ ಥಟ್ಟನೆ ಸಣ್ಣದಾಯಿತು, ಇಷ್ಟೇ ಇಷ್ಟು. ಉಮಾಶ್ರೀ ಮೈಕನ್ನು ಕೆಳಗಿಟ್ಟಳು. ಕೊರಳ ನರ ಉಬ್ಬುವಷ್ಟು ಗಟ್ಟಿಯಾಗಿ, ಯಾವ ಭಾಷೆಯಲ್ಲಿ ಕೂಗುತ್ತಿದ್ದೇನೆ ಎಂಬ ಪರಿವೆ ಇಲ್ಲದೆ ಕೂಗಿದಳು.

"ಆಕಿ ಗಂಡ ಅದಾನ. ಅತ್ತಿ ಅದಾಳ. ಹುಡುಗ್ರು ಅದಾವ. ಆಕಿ ಮನಿ ತುಂಬ ಮಂದಿ ಅದಾರ."